ಕ್ರೈಸ್ತರು ಕುಡಿಯಬಹುದಾ? ಮಿತವಾಗಿ ಕುಡಿಯುವುದೋ, ಪೂರ್ತಿ ಬಿಡುವುದೋ ಎಂದು ತೀರ್ಮಾನಿಸುವ ಬಗೆ

ಈ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಹುಡುಕುವವರು ತಮಗೆ ಬೇಕಾದ ವಚನ ಸಿಕ್ಕ ಕೂಡಲೇ ಬೈಬಲ್ ಮುಚ್ಚಿಬಿಡುತ್ತಾರೆ. ಕುಡಿಯುವವರಿಗೆ ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರಿನ ಮದುವೆ ಸಾಕು. ಕುಡಿಯದವರಿಗೆ ದ್ರಾಕ್ಷಾರಸ ಪರಿಹಾಸ್ಯ ಮಾಡುತ್ತದೆ ಅನ್ನುವ ಜ್ಞಾನೋಕ್ತಿ 20:1 ಸಾಕು. ಇಬ್ಬರೂ ಅಲ್ಲಿಗೇ ನಿಲ್ಲುವುದರಿಂದ ಮಾತು ಮುಂದೆ ಹೋಗುವುದೇ ಇಲ್ಲ.

ನಾನು ಕುಡಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಬರೆಯುವವರ ನಿಲುವು ಗೊತ್ತಿದ್ದರೆ ಓದುವವರಿಗೆ ತೂಗಿ ನೋಡುವುದು ಸುಲಭ. ಆದರೆ ಕುಡಿಯದಿರುವುದು ಎಲ್ಲ ಕ್ರೈಸ್ತರ ಮೇಲೆ ದೇವರು ಹೊರಿಸಿದ ನಿಯಮ ಅಂತ ನಾನು ಹೇಳುವುದಿಲ್ಲ. ಬೈಬಲನ್ನು ಪೂರ್ತಿ ಓದಿದರೆ ಹಾಗೆ ಹೇಳಲು ಬರುವುದೂ ಇಲ್ಲ. ಅಮಲೇರುವುದು ಪಾಪ, ಅದರಲ್ಲಿ ಯಾವ ಸಭೆಗೂ ಭಿನ್ನಾಭಿಪ್ರಾಯವಿಲ್ಲ. ಮದ್ಯ ಎಂಬ ವಸ್ತುವೇ ಪಾಪವಾ ಅಂದರೆ, ಅಲ್ಲ. ಈ ಎರಡು ಮಾತಿನ ನಡುವೆ ಇರುವ ಜಾಗದಲ್ಲಿ ನೀವು ಎಲ್ಲಿ ನಿಲ್ಲಬೇಕು ಅನ್ನುವುದನ್ನು ನೀವೇ ದೇವರ ಮುಂದೆ ಕೂತು ತೀರ್ಮಾನಿಸಬೇಕು. ಅದನ್ನು ಮಾಡುವುದು ಹೇಗೆ ಅಂತ ಮುಂದೆ ನೋಡೋಣ.

ಮೊದಲು ಎಲ್ಲ ವಚನಗಳನ್ನೂ ಓದಿ, ನಿಮಗೆ ಇಷ್ಟವಾಗದವುಗಳನ್ನೂ ಸೇರಿಸಿ

ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಪೆನ್ನು, ಹಾಳೆ ಇಟ್ಟುಕೊಳ್ಳಿ. ನೀವು ಕುಡಿಯುವುದು ಸರಿ ಅನ್ನುವವರಾದರೆ ಎಚ್ಚರಿಕೆಯ ವಚನಗಳಿಂದ ಶುರು ಮಾಡಿ, ತಪ್ಪು ಅನ್ನುವವರಾದರೆ ಸಂತೋಷದ ವಚನಗಳಿಂದ ಶುರು ಮಾಡಿ. ಒಪ್ಪದ ಕಡೆಯಿಂದ ಶುರು ಮಾಡಿದರೆ ಓದು ಪ್ರಾಮಾಣಿಕವಾಗಿರುತ್ತದೆ.

ಎಚ್ಚರಿಕೆಯ ಕಡೆ ಏನೇನಿದೆ? ಆದಿಕಾಂಡ 9ರಲ್ಲಿ ನೋಹ ದ್ರಾಕ್ಷೆ ತೋಟ ಹಾಕಿ, ಕುಡಿದು, ಡೇರೆಯಲ್ಲಿ ಬೆತ್ತಲೆ ಬಿದ್ದ. ಜಲಪ್ರಳಯದಿಂದ ಪಾರಾಗಿ ಬಂದ ನೀತಿವಂತನ ಕಥೆ ಇದು. 19ನೇ ಅಧ್ಯಾಯದಲ್ಲಿ ಅಮಲಿನಲ್ಲಿದ್ದ ಲೋಟನ ಕಥೆ ಇನ್ನೂ ಘೋರ. ಯಾಜಕರು ದೇವದರ್ಶನದ ಗುಡಾರದೊಳಗೆ ಹೋಗುವಾಗ ಕುಡಿದಿರಬಾರದು ಅಂತ ಯಾಜಕಕಾಂಡ 10 ಹೇಳುತ್ತದೆ. ಅರಸರು ಕುಡಿದರೆ ಕಾನೂನು ಮರೆತು ಬಡವರ ನ್ಯಾಯ ಕೆಡಿಸುತ್ತಾರೆ ಅನ್ನುತ್ತದೆ ಜ್ಞಾನೋಕ್ತಿ 31. ಬೆಳಗ್ಗೆ ಎದ್ದಕೂಡಲೇ ಮದ್ಯದ ಹಿಂದೆ ಓಡುವವರ ಗತಿಯನ್ನು ಯೆಶಾಯ 5 ಹೇಳುತ್ತದೆ. ಹೊಸ ಒಡಂಬಡಿಕೆಯಲ್ಲಿ ಗಲಾತ್ಯ 5:21 ಮತ್ತು 1 ಕೊರಿಂಥ 6:10 ಕುಡುಕತನವನ್ನು ದೇವರ ರಾಜ್ಯಕ್ಕೆ ಬಾಧ್ಯರಾಗದವರ ಪಟ್ಟಿಯಲ್ಲೇ ಸೇರಿಸಿವೆ.

ಇವೆಲ್ಲದರಲ್ಲಿ ನಿಧಾನವಾಗಿ ಓದಬೇಕಾದ ಭಾಗ ಒಂದಿದೆ, ಜ್ಞಾನೋಕ್ತಿ 23:29ರಿಂದ 35. ಕಣ್ಣು ಕೆಂಪಾದವನು ಯಾರು, ಕಾರಣವಿಲ್ಲದೆ ಗಾಯ ಮಾಡಿಕೊಂಡವನು ಯಾರು ಅಂತ ಶುರುವಾಗುತ್ತದೆ. ಪಾತ್ರೆಯಲ್ಲಿ ಕೆಂಪಗೆ ಹೊಳೆಯುವ ದ್ರಾಕ್ಷಾರಸವನ್ನು ಕಣ್ಣಿಟ್ಟು ನೋಡಲೇಬೇಡ ಅನ್ನುತ್ತದೆ. ಕೊನೆಗೆ ಹಾವಿನಂತೆ ಕಚ್ಚುತ್ತದೆ ಅನ್ನುತ್ತದೆ. ಆಮೇಲೆ ಕುಡುಕನೇ ಮಾತಾಡುತ್ತಾನೆ: ನನ್ನನ್ನು ಹೊಡೆದರು, ನೋವಾಗಲಿಲ್ಲ, ಬಡಿದರು, ಗೊತ್ತೇ ಆಗಲಿಲ್ಲ, ನನಗೆ ಎಚ್ಚರವಾಗುವುದು ಯಾವಾಗ, ಮತ್ತೆ ಅದನ್ನೇ ಹುಡುಕಿಕೊಂಡು ಹೋಗಬೇಕು. ಚಟ ಅಂದರೆ ಏನು ಅನ್ನುವುದನ್ನು ಇದಕ್ಕಿಂತ ಹತ್ತಿರದಿಂದ ತೋರಿಸುವ ಮಾತು ನಾನು ಓದಿಲ್ಲ. ಕುಡಿದವನಿಗೆ ಬೆಳಗ್ಗೆ ಬರುವ ಮೊದಲ ಯೋಚನೆಯೇ ಮುಂದಿನ ಗ್ಲಾಸು. ಮನೆಯಲ್ಲಿ ಇಂಥವರೊಬ್ಬರನ್ನು ಕಂಡವರಿಗೆ ಇದು ತಕ್ಷಣ ಗೊತ್ತಾಗುತ್ತದೆ.

ಇನ್ನು ಇನ್ನೊಂದು ಕಡೆ. ಕೀರ್ತನೆ 104:15ರಲ್ಲಿ ಮನುಷ್ಯನ ಹೃದಯವನ್ನು ಸಂತೋಷಪಡಿಸುವ ದ್ರಾಕ್ಷಾರಸ ದೇವರ ಕೊಡುಗೆ. ಎಣ್ಣೆ, ರೊಟ್ಟಿಯ ಜೊತೆಯಲ್ಲೇ ಅದನ್ನೂ ಎಣಿಸಿದ್ದಾರೆ. ಧರ್ಮೋಪದೇಶಕಾಂಡ 14:26ರಲ್ಲಿ ದೂರದಿಂದ ಬಂದ ಇಸ್ರಾಯೇಲ್ಯರು ದಶಮಾಂಶದ ಹಣದಲ್ಲಿ ದನ, ಕುರಿ, ದ್ರಾಕ್ಷಾರಸ, ಮದ್ಯ, ಮನಸ್ಸಿಗೆ ಬಂದದ್ದನ್ನು ಕೊಂಡು ದೇವರ ಸನ್ನಿಧಿಯಲ್ಲೇ ಉಂಡು ಸಂತೋಷಪಡಬಹುದು ಅಂತ ಇದೆ. ಯೋಹಾನ 2ರಲ್ಲಿ, ಕಾನಾ ಊರಿನ ಮದುವೆಯಲ್ಲಿ, ಆರು ಕಲ್ಲಿನ ಬಾನೆಗಳು. ಒಂದೊಂದರಲ್ಲೂ ಸುಮಾರು 80ರಿಂದ 120 ಲೀಟರ್ ಹಿಡಿಯುತ್ತಿತ್ತು. ಲೆಕ್ಕ ಹಾಕಿದರೆ ಸುಮಾರು 480ರಿಂದ 720 ಲೀಟರ್ ಆಗುತ್ತದೆ. ಅದು ಬರೀ ಹಣ್ಣಿನ ರಸ ಆಗಿತ್ತು ಅಂತ ವಾದಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಯಾಕೆಂದರೆ ಜನ ಚೆನ್ನಾಗಿ ಕುಡಿದ ಮೇಲೆ ಕಡಿಮೆ ದರ್ಜೆಯದ್ದನ್ನು ಕೊಡುವುದು ರೂಢಿ ಅಂತ ಅಲ್ಲಿನ ಔತಣದ ಮೇಲ್ವಿಚಾರಕನೇ ಹೇಳುತ್ತಾನೆ. ರಸ ಕುಡಿದವರಿಗೆ ರುಚಿಯ ವ್ಯತ್ಯಾಸ ಯಾಕೆ ತಪ್ಪಿಹೋಗಬೇಕು? ಅದೂ ಅಲ್ಲದೆ ಕೊರಿಂಥದ ಸಭೆಯಲ್ಲಿ ಕೆಲವರು ಕರ್ತನ ಭೋಜನದಲ್ಲೇ ಅಮಲೇರಿದ್ದರು (1 ಕೊರಿಂಥ 11:21). ಪೌಲ ಅವರನ್ನು ಗದರಿಸಿದ್ದು ಅಮಲಿಗೂ ಹಸಿದವರನ್ನು ಬಿಟ್ಟು ಉಂಡದ್ದಕ್ಕೂ. ಪಾತ್ರೆಯಲ್ಲಿದ್ದುದನ್ನು ಬದಲಾಯಿಸಿ ಅಂತ ಅವನು ಹೇಳಲಿಲ್ಲ.

ಆದರೆ ಒಂದು ವಿಷಯ ನೆನಪಿರಲಿ. ಆ ಕಾಲದ ಊಟದ ದ್ರಾಕ್ಷಾರಸಕ್ಕೆ ನೀರು ಬೆರೆಸುವುದು ವಾಡಿಕೆಯಾಗಿತ್ತು. ಬರೀ ದ್ರಾಕ್ಷಾರಸ ಕುಡಿಯುವುದು ಒಳ್ಳೆಯದಲ್ಲ, ನೀರು ಬೆರೆಸಿದರೆ ರುಚಿ ಅಂತ ಕ್ಯಾಥೊಲಿಕ್ ಬೈಬಲಿನಲ್ಲಿರುವ 2 ಮಕ್ಕಬಿಯರ ಪುಸ್ತಕದ ಕೊನೆಯಲ್ಲೇ ಇದೆ. ಭಟ್ಟಿ ಇಳಿಸಿದ ಮದ್ಯ, ಅಂದರೆ ವಿಸ್ಕಿ, ರಮ್, ಜಿನ್‌ನಂಥದ್ದು ಬೈಬಲಿನ ಜನರಿಗೆ ಗೊತ್ತೇ ಇರಲಿಲ್ಲ. ಯೂರೋಪಿನಲ್ಲಿ ಅದು ಹರಡಿದ್ದು ಮಧ್ಯಯುಗದ ಕೊನೆಯ ಭಾಗದಲ್ಲಿ. ಹಾಗಾಗಿ ಕಾನಾ ಊರಿನ ಬಾನೆಯನ್ನು ತೋರಿಸಿ ಶೇಕಡಾ 40ರ ಮದ್ಯಕ್ಕೆ ನೇರವಾಗಿ ಅನುಮತಿ ತೆಗೆದುಕೊಳ್ಳಲು ಆಗುವುದಿಲ್ಲ.

ಎರಡೂ ಕಡೆ ಓದಿದ ಮೇಲೆ ಲೂಕ 7:33-34ಕ್ಕೆ ಬನ್ನಿ. ಸ್ನಾನಿಕನಾದ ಯೋಹಾನ ರೊಟ್ಟಿ ತಿನ್ನದೆ, ದ್ರಾಕ್ಷಾರಸ ಕುಡಿಯದೆ ಬಂದ. ಜನ ಅವನಿಗೆ ದೆವ್ವ ಹಿಡಿದಿದೆ ಅಂದರು. ಯೇಸು ತಿನ್ನುತ್ತಾ ಕುಡಿಯುತ್ತಾ ಬಂದರು. ಅವರನ್ನು ಹೊಟ್ಟೆಬಾಕ, ಕುಡುಕ ಅಂದರು. ಯೇಸು ತಮ್ಮನ್ನೂ ಯೋಹಾನನನ್ನೂ ಅಕ್ಕಪಕ್ಕ ನಿಲ್ಲಿಸಿ ಮಾತಾಡಿದ್ದಾರೆ, ಇಬ್ಬರಲ್ಲಿ ಒಬ್ಬರ ದಾರಿ ತಪ್ಪು ಅನ್ನಲಿಲ್ಲ. ತಪ್ಪು ಅಂದದ್ದು ಇಬ್ಬರಲ್ಲೂ ಹುಳುಕು ಹುಡುಕಿದವರಿಗೆ. ನನ್ನ ಮಟ್ಟಿಗೆ ಈ ಇಡೀ ಚರ್ಚೆಗೆ ಬೀಗದ ಕೈ ಈ ಎರಡು ವಚನ.

ನಿಮ್ಮ ಸಭೆಯ ನಿಯಮ ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ

ನಾವು ಬೆಳೆದ ಸಭೆಯ ರೂಢಿಯನ್ನೇ ಅಪೊಸ್ತಲರ ಕಾಲದ್ದು ಅಂತ ನಂಬಿಬಿಡುವುದು ಸುಲಭ. ನಿಜವಾದ ಚರಿತ್ರೆ ಬೇರೆ.

ಮೊದಲ ನೂರಾರು ವರ್ಷಗಳ ಸಭೆ ದ್ರಾಕ್ಷಾರಸವನ್ನು ಕೆಟ್ಟದ್ದು ಅನ್ನಲಿಲ್ಲ. 4ನೇ ಶತಮಾನದ ಪ್ರಸಿದ್ಧ ಪ್ರಸಂಗಿ ಯೋಹಾನ ಕ್ರಿಸೊಸ್ತೊಮ್ ಅಮಲಿನ ಮೇಲೆ ಬೆಂಕಿ ಕಾರುತ್ತಿದ್ದರು, ಆದರೆ ದ್ರಾಕ್ಷಾರಸ ದೇವರ ಸೃಷ್ಟಿ, ಅಮಲು ಮಾತ್ರ ಸೈತಾನನ ಕೆಲಸ ಅಂತಲೇ ಕಲಿಸಿದರು. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತಮ್ಮ ಮಠದ ನಿಯಮಗಳಲ್ಲಿ ದಿನಕ್ಕೆ ಒಂದು ಹೆಮಿನಾ (ಹಳೆಯ ರೋಮನ್ ಅಳತೆ, ಸುಮಾರು ಕಾಲು ಲೀಟರ್) ದ್ರಾಕ್ಷಾರಸಕ್ಕೆ ಅವಕಾಶ ಕೊಟ್ಟರು. ಸನ್ಯಾಸಿಗಳಿಗೆ ಇದು ತಕ್ಕದ್ದಲ್ಲ ಅಂತ ಓದಿದ್ದೇವೆ, ಆದರೆ ಈ ಕಾಲದವರನ್ನು ಒಪ್ಪಿಸಲು ಆಗುವುದಿಲ್ಲ, ಕನಿಷ್ಠ ಹೊಟ್ಟೆ ತುಂಬ ಕುಡಿಯದಿರೋಣ ಅನ್ನುವ ಧಾಟಿಯಲ್ಲಿ ಬರೆದರು. ಬಿಡುವ ಶಕ್ತಿ ಯಾರಿಗೆ ದೇವರು ಕೊಟ್ಟಿದ್ದಾರೋ ಅವರಿಗೆ ಅದರ ಪ್ರತಿಫಲ ಉಂಟು ಅಂತಲೂ ಸೇರಿಸಿದರು. 16ನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಬಿಯರ್ ಕುಡಿಯುತ್ತಿದ್ದರು, ಅವರ ಹೆಂಡತಿ ಕಥರೀನಾ ಅದನ್ನು ಮನೆಯಲ್ಲೇ ತಯಾರಿಸುತ್ತಿದ್ದರು.

ಹಾಗಾದರೆ ಪೂರ್ತಿ ವರ್ಜಿಸುವ ಪದ್ಧತಿ ಎಲ್ಲಿಂದ ಬಂತು? ಬಹುಪಾಲು ಭಟ್ಟಿ ಮದ್ಯದ ಹಾವಳಿಯಿಂದ. 18ನೇ ಶತಮಾನದ ಮೊದಲ ಭಾಗದಲ್ಲಿ ಅಗ್ಗದ ಜಿನ್ ಲಂಡನ್ನಿನ ಬಡವರ ಮನೆಗಳನ್ನು ಹಾಳು ಮಾಡುತ್ತಿತ್ತು. ಜಾನ್ ವೆಸ್ಲಿ 1743ರಲ್ಲಿ ತಮ್ಮ ಮೆಥಡಿಸ್ಟ್ ಸಂಘಗಳಿಗೆ ಬರೆದ ನಿಯಮಗಳಲ್ಲಿ ಕುಡುಕತನವನ್ನೂ, ಭಟ್ಟಿ ಮದ್ಯವನ್ನು ಕೊಳ್ಳುವುದು, ಮಾರುವುದು, ತೀರಾ ಅಗತ್ಯವಿಲ್ಲದೆ ಕುಡಿಯುವುದನ್ನೂ ನಿಷೇಧಿಸಿದರು. ವೈನ್ ಆ ಪಟ್ಟಿಯಲ್ಲಿ ಇರಲಿಲ್ಲ. 19ನೇ ಶತಮಾನದಲ್ಲಿ ಇದು ಎಲ್ಲ ಮದ್ಯದ ವರ್ಜನೆಯಾಗಿ ಬೆಳೆಯಿತು. 1826ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಸಂಯಮ ಸಂಘ ಶುರುವಾಯಿತು. 1838ರಲ್ಲಿ ಐರ್ಲೆಂಡಿನ ಕಾರ್ಕ್ ಊರಿನಲ್ಲಿ ಥಿಯೊಬಾಲ್ಡ್ ಮ್ಯಾಥ್ಯೂ ಎಂಬ ಕ್ಯಾಥೊಲಿಕ್ ಪಾದ್ರಿ ಕುಡಿಯುವುದಿಲ್ಲ ಎಂಬ ಪ್ರತಿಜ್ಞೆ ಮಾಡಿಸತೊಡಗಿದರು, ಲಕ್ಷಗಟ್ಟಲೆ ಜನ ಅದನ್ನು ತೆಗೆದುಕೊಂಡರು. 1865ರಲ್ಲಿ ಲಂಡನ್ನಿನ ಪೂರ್ವ ಭಾಗದಲ್ಲಿ ಬೂತ್ ದಂಪತಿ ಶುರು ಮಾಡಿದ ಸೇವೆ ಮುಂದೆ ಸಾಲ್ವೇಶನ್ ಆರ್ಮಿ ಆಯಿತು. ಅದರ ಸದಸ್ಯರು ಇವತ್ತಿಗೂ ಮದ್ಯ ಮುಟ್ಟುವುದಿಲ್ಲ ಅಂತ ಸಹಿ ಹಾಕುತ್ತಾರೆ. 1869ರಲ್ಲಿ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ದಂತವೈದ್ಯರು ದ್ರಾಕ್ಷಿ ರಸವನ್ನು ಕಾಯಿಸಿ, ಹುಳಿಯದಂತೆ ಬಾಟಲಿಯಲ್ಲಿ ಇಡುವುದನ್ನು ಕಂಡುಕೊಂಡರು. ಕರ್ತನ ಭೋಜನಕ್ಕೆ ಬೇಕು ಅಂತಲೇ ಅವರು ಅದನ್ನು ಮಾಡಿದ್ದು. ಇವತ್ತು ಎಷ್ಟೋ ಸಭೆಗಳ ಪುಟ್ಟ ಲೋಟಗಳಲ್ಲಿ ಇರುವ ರಸಕ್ಕೆ ಇದೇ ಮೂಲ.

ಇದನ್ನೆಲ್ಲ ಓದಿ, ಓಹೋ, ಹಾಗಾದರೆ ಇದು ಮನುಷ್ಯರು ಮಾಡಿದ ನಿಯಮ, ಬಿಟ್ಟುಬಿಡಬಹುದು ಅಂತ ಹಾರಬೇಡಿ. ಆ ಜನ ಕಣ್ಣೆದುರು ಹಸಿದ ಮಕ್ಕಳನ್ನು, ಏಟು ತಿಂದ ಹೆಂಗಸರನ್ನು ಕಂಡು ಈ ತೀರ್ಮಾನಕ್ಕೆ ಬಂದವರು. ನಿಯಮ ಹಳೆಯದಲ್ಲದಿರಬಹುದು, ಅದರ ಹಿಂದಿನ ಪ್ರೀತಿ ನಿಜ. ನಿಮ್ಮ ಸಭೆಗೆ ಸೇರುವಾಗ ಕುಡಿಯುವುದಿಲ್ಲ ಅಂತ ಮಾತು ಕೊಟ್ಟಿದ್ದರೆ ಆ ಮಾತು ಉಳಿಸಿಕೊಳ್ಳಿ. ಒಪ್ಪಿಗೆಯಿಲ್ಲದಿದ್ದರೆ ಸಭಾಪಾಲಕರ ಹತ್ತಿರ ಹೋಗಿ ನೇರವಾಗಿ ಹೇಳಿ. ಕದ್ದು ಕುಡಿಯುವುದು ಮಾತ್ರ ಬೇಡ. ಕುಡಿತಕ್ಕಿಂತ ಆ ಮುಚ್ಚುಮರೆಯೇ ಜಾಸ್ತಿ ಹಾಳು ಮಾಡುತ್ತದೆ.

ಈಗ ನಿಮ್ಮನ್ನು ನೀವೇ ಕೇಳಿಕೊಳ್ಳಿ

ಕೆಲವರ ವಿಷಯದಲ್ಲಿ ಯೋಚಿಸುವುದೇ ಬೇಕಿಲ್ಲ, ಉತ್ತರ ಬೇಡ ಅಂತಲೇ. ಹಿಂದೆ ಚಟವಿದ್ದು ಬಿಟ್ಟವರು. ಗರ್ಭಿಣಿಯರು. ನಿದ್ದೆಯ ಅಥವಾ ಆತಂಕದ ಮಾತ್ರೆ ತೆಗೆದುಕೊಳ್ಳುವವರು, ಯಾಕೆಂದರೆ ಮದ್ಯದ ಜೊತೆ ಸೇರಿದರೆ ಉಸಿರಾಟವೇ ಕುಂದಬಹುದು. ಲಿವರ್ ಕಾಯಿಲೆಯವರು. ಕಾನೂನಿನ ವಯಸ್ಸಾಗದವರು. ಗಾಡಿ ಓಡಿಸಲಿಕ್ಕಿರುವವರು. ಮದ್ಯ ನಿಷೇಧವಿರುವ ಕಡೆ ಇರುವವರು. ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಅಧಿಕಾರಕ್ಕೆ ಒಳಗಾಗಿ ಅನ್ನುವಾಗ ಮದ್ಯಕ್ಕೆ ವಿನಾಯಿತಿ ಕೊಟ್ಟಿಲ್ಲ.

ಉಳಿದವರು ಯಾಕೆ ಕುಡಿಯುತ್ತೇನೆ ಅಂತ ಕೇಳಿಕೊಳ್ಳಬೇಕು. ಊಟದ ಜೊತೆ, ಗೆಳೆಯರ ಜೊತೆ, ರುಚಿಗೆ ಅಂದರೆ ಅದು ಒಂದು ಬಗೆ. ಇವತ್ತು ಆಫೀಸಿನಲ್ಲಿ ಆದದ್ದನ್ನು ಮರೆಯಬೇಕು, ಹೆಂಡತಿಯ ಜೊತೆ ಮಾತಾಡಬೇಕಾದ್ದನ್ನು ಮುಂದೂಡಬೇಕು, ಒಂಟಿತನ ತಡೆಯಲಾಗುತ್ತಿಲ್ಲ ಅಂದರೆ ಅದು ಬೇರೆಯೇ ಬಗೆ. ಎಫೆಸ 5:18 ದ್ರಾಕ್ಷಾರಸದಿಂದ ಮತ್ತರಾಗಬೇಡಿ, ಪವಿತ್ರಾತ್ಮನಿಂದ ತುಂಬಿದವರಾಗಿರಿ ಅಂತ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಒಳಗಿನ ಖಾಲಿತನವನ್ನು ಯಾವುದರಿಂದ ತುಂಬಿಸುತ್ತೀರಿ ಅನ್ನುವುದೇ ಅಲ್ಲಿನ ಪ್ರಶ್ನೆ.

ನಿಲ್ಲಿಸಬಲ್ಲೆನಾ ಅಂತ ಊಹಿಸುವುದಕ್ಕಿಂತ ಪರೀಕ್ಷೆ ಮಾಡಿ ನೋಡಿ. ತಪಸ್ಸು ಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ, 40 ದಿನ ಪೂರ್ತಿ ಬಿಡಿ. ಆರ್ಥೊಡಾಕ್ಸ್ ಸಭೆಯವರು ಉಪವಾಸದ ಎಷ್ಟೋ ದಿನಗಳಲ್ಲಿ ಎಣ್ಣೆಯ ಜೊತೆ ದ್ರಾಕ್ಷಾರಸವನ್ನೂ ಬಿಡುತ್ತಾರೆ, ಹಬ್ಬ ಬಂದಾಗ ಮತ್ತೆ ಸ್ವೀಕರಿಸುತ್ತಾರೆ. ಬಿಡುವುದೂ ಸ್ವೀಕರಿಸುವುದೂ ಒಂದೇ ಬದುಕಿನಲ್ಲಿ ಕೂಡಿ ಇರಬಹುದು ಅನ್ನುವುದಕ್ಕೆ ಇದು ಒಳ್ಳೆಯ ಮಾದರಿ. ಆ ದಿನಗಳಲ್ಲಿ ನೀವು ಸಿಡಿಮಿಡಿಗೊಂಡರೆ, ಕ್ಯಾಲೆಂಡರ್ ನೋಡಿ ದಿನ ಎಣಿಸಿದರೆ, ಒಂದೇ ದಿನ ತಾನೇ ಅಂತ ಚೌಕಾಸಿ ಶುರುವಾದರೆ, ಯಾವುದಕ್ಕೂ ನಾನು ದಾಸನಾಗುವುದಿಲ್ಲ ಅನ್ನುವ ಪೌಲನ ಮಾತನ್ನು (1 ಕೊರಿಂಥ 6:12) ಮತ್ತೆ ಓದಿ. ನಿಮ್ಮ ಉತ್ತರ ಅಲ್ಲೇ ಸಿಕ್ಕಿದೆ. ಆದರೆ ದಿನವೂ ಜಾಸ್ತಿ ಕುಡಿಯುವವರು ಈ ಪರೀಕ್ಷೆಯನ್ನು ಸುಮ್ನೆ ಒಬ್ಬರೇ ಮಾಡಬಾರದು. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ಆರೋಗ್ಯಕ್ಕೆ ಒಳ್ಳೆಯದು ಅನ್ನುವ ನೆಪವನ್ನು ಬಿಟ್ಟುಬಿಡಿ. ಪೌಲ ತಿಮೊಥೆಯನಿಗೆ ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂದದ್ದು (1 ತಿಮೊಥೆ 5:23) ಅಂದಿನ ಕಾಲದ ಔಷಧಿ. ತಿಮೊಥೆಯ ಅಲ್ಲಿಯವರೆಗೆ ಬರೀ ನೀರು ಕುಡಿಯುತ್ತಿದ್ದ ಅನ್ನುವುದನ್ನೂ ಆ ವಚನದಲ್ಲೇ ಗಮನಿಸಿ. ಇವತ್ತು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ, ಇಷ್ಟು ಕುಡಿದರೆ ಅಪಾಯವೇ ಇಲ್ಲ ಅನ್ನುವ ಪ್ರಮಾಣ ಯಾವುದೂ ಇಲ್ಲ ಅಂತ. ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಮದ್ಯ 1988ರಿಂದಲೇ ಇದೆ. ಕುಡಿಯುವವರು ಇದನ್ನು ತಿಳಿದೇ ಕುಡಿಯಬೇಕು.

ಮಿತವಾಗಿ ಕುಡಿಯುತ್ತೇನೆ ಅನ್ನುವವರಿಗೆ

ಮಿತ ಅಂದರೆ ಎಷ್ಟು ಅಂತ ಕೂರುವ ಮೊದಲೇ ಸಂಖ್ಯೆಯಲ್ಲಿ ಹೇಳಿ. ಎರಡನೇ ಗ್ಲಾಸಿನ ನಂತರ ತೀರ್ಮಾನ ಮಾಡುವವರು ನೀವಲ್ಲ, ಎರಡನೇ ಗ್ಲಾಸು. ಒಂದು, ಇಲ್ಲವೇ ಎರಡು, ಅಷ್ಟೇ. ಅದನ್ನು ಜೊತೆಗಿರುವ ಒಬ್ಬರಿಗೆ ಹೇಳಿಡಿ. ಅಳತೆಯ ಲೆಕ್ಕವೂ ತಿಳಿದಿರಲಿ: ಶೇಕಡಾ 5ರ ಬಿಯರ್ 330 ಮಿಲಿಲೀಟರ್, ಶೇಕಡಾ 12ರ ವೈನ್ 150 ಮಿಲಿಲೀಟರ್, ಶೇಕಡಾ 40ರ ವಿಸ್ಕಿ 45 ಮಿಲಿಲೀಟರ್, ಮೂರರಲ್ಲೂ ಇರುವ ಆಲ್ಕೋಹಾಲ್ ಹೆಚ್ಚುಕಡಿಮೆ ಒಂದೇ, 13-14 ಗ್ರಾಂ. ನಾನು ಬಿಯರ್ ಮಾತ್ರ ಕುಡಿಯುವುದು ಅನ್ನುವ ಮಾತಿಗೆ ಎಷ್ಟು ಬಾಟಲಿ ಅಂತ ಗೊತ್ತಾಗದೆ ಅರ್ಥವಿಲ್ಲ.

ಅಮಲು ಅಂದರೆ ರಸ್ತೆಯಲ್ಲಿ ಬೀಳುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಗೆರೆ ಅದಕ್ಕಿಂತ ಎಷ್ಟೋ ಹಿಂದೆ ಇದೆ. ಸಾಮಾನ್ಯವಾಗಿ ಆಡದ ಮಾತು ಬಾಯಿಗೆ ಬಂತಾ, ದನಿ ಏರಿತಾ, ನೋಡಬಾರದ ಕಡೆ ನೋಟ ಹೋಯಿತಾ, ಗಾಡಿ ಓಡಿಸಬಲ್ಲೆ ಅನ್ನಿಸಿತಾ, ಅಲ್ಲಿಗೆ ಸ್ವಸ್ಥಚಿತ್ತ ಹೋಯಿತು ಅಂತ. ಪೇತ್ರ ಸ್ವಸ್ಥಚಿತ್ತರಾಗಿರಿ, ಎಚ್ಚರವಾಗಿರಿ ಅಂದದ್ದು ಎದುರಾಳಿಯಾದ ಸೈತಾನ ಸುತ್ತ ತಿರುಗುತ್ತಿದ್ದಾನೆ ಅನ್ನುವ ಕಾರಣಕ್ಕೆ.

ಇನ್ನೂ ಕೆಲವು ಮಾತು. ಸಿಟ್ಟು, ದುಃಖ ಇದ್ದ ದಿನ ಮುಟ್ಟಬೇಡಿ. ಖಾಲಿ ಹೊಟ್ಟೆಯಲ್ಲಿ ಬೇಡ. ಬೇಡ ಅಂದವರಿಗೆ ಒತ್ತಾಯ ಮಾಡಲೇಬೇಡಿ, ಒಂದು ಗುಟುಕು ತಾನೇ ಅನ್ನುವ ಮಾತು ಕ್ರೈಸ್ತರ ಬಾಯಲ್ಲಿ ಬರಲೇಬಾರದು. ಕ್ರಿಸ್ತನಲ್ಲಿ ಸ್ವಾತಂತ್ರ್ಯವಿದೆ ಅಂತ ತೋರಿಸಲಿಕ್ಕಾಗಿಯೇ ಕುಡಿಯುವವರಿದ್ದಾರೆ. ತೋರಿಸಲೇಬೇಕಾದ ಸ್ವಾತಂತ್ರ್ಯ ಸ್ವಾತಂತ್ರ್ಯವೇ ಅಲ್ಲ. ಸಭಾಪಾಲಕರು, ಹಿರಿಯರು, ಸಭಾಸೇವಕರು ಇನ್ನೂ ಬಿಗಿಯಾಗಿರಬೇಕು. 1 ತಿಮೊಥೆ 3 ಮತ್ತು ತೀತ 1 ಅವರಿಗೆ ಬೇರೆಯಾಗಿಯೇ ಎಚ್ಚರಿಕೆ ಕೊಟ್ಟಿವೆ. ರಾತ್ರಿ ಯಾವ ಹೊತ್ತಿಗಾದರೂ ಯಾರದಾದರೂ ಮನೆಯಿಂದ ಕರೆ ಬರಬಹುದಾದವರು ಕುಡಿಯದಿರುವುದೇ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪೂರ್ತಿ ಬಿಡುತ್ತೇನೆ ಅನ್ನುವವರಿಗೆ

ನಿಮ್ಮ ಜೊತೆ ದೊಡ್ಡ ಸಾಲೇ ಇದೆ. ಯೆರೆಮೀಯ 35ರಲ್ಲಿ ರೇಕಾಬ್ಯರು ಎಂಬ ಕುಲದವರ ಮುಂದೆ ದ್ರಾಕ್ಷಾರಸ ಇಟ್ಟಾಗ, ನಮ್ಮ ಪೂರ್ವಿಕ ಬೇಡ ಅಂದಿದ್ದಾನೆ, ಕುಡಿಯುವುದಿಲ್ಲ ಅಂದುಬಿಟ್ಟರು. ದೇವರು ಅವರನ್ನು ಮೆಚ್ಚಿದರು, ಕೊಟ್ಟ ಮಾತಿಗೆ ನಿಂತದ್ದಕ್ಕೆ. ದಾನಿಯೇಲ ಅರಸನ ದ್ರಾಕ್ಷಾರಸ ಬೇಡ ಅಂದ. ತಮ್ಮನ್ನು ದೇವರಿಗೆ ಮುಡಿಪಾಗಿಟ್ಟ ನಾಜೀರರ ವ್ರತ ಇನ್ನೂ ಕಠಿಣ, ಅರಣ್ಯಕಾಂಡ 6ರ ಪ್ರಕಾರ ಒಣದ್ರಾಕ್ಷಿಯನ್ನೂ ಮುಟ್ಟುವಂತಿಲ್ಲ. ಆದರೆ ಅದೇ ಅಧ್ಯಾಯದಲ್ಲಿ ವ್ರತ ಮುಗಿದ ಮೇಲೆ ನಾಜೀರನು ದ್ರಾಕ್ಷಾರಸ ಕುಡಿಯಬಹುದು ಅಂತಲೂ ಇದೆ. ಅಂದರೆ ಬಿಡುವುದು ದೇವರಿಗೆ ಕೊಡುವ ಕಾಣಿಕೆ. ಕಾಣಿಕೆಯನ್ನು ಇನ್ನೊಬ್ಬರಿಂದ ವಸೂಲಿ ಮಾಡಲು ಆಗುವುದಿಲ್ಲ ಅಲ್ವಾ?

ಬೇಡ ಅನ್ನುವುದನ್ನು ಅಭ್ಯಾಸ ಮಾಡಿಕೊಳ್ಳಿ. ಸುರಿಯಲು ಬಂದಾಗ ಗ್ಲಾಸಿನ ಮೇಲೆ ಅಂಗೈ ಇಟ್ಟು, ನಗುತ್ತಾ, ನಾನು ಕುಡಿಯಲ್ಲ, ನೀರು ಸಾಕು ಅನ್ನಿ. ಅಷ್ಟೇ. ಕಾರಣ ಕೇಳಿದರೆ ಒಂದೇ ವಾಕ್ಯ. ನಂಬಿಕೆಗಾಗಿ ಬಿಟ್ಟಿದ್ದೇನೆ ಅನ್ನುವುದಕ್ಕೆ ನಾಚಿಕೊಳ್ಳುವುದು ಬೇಡ, ಮಾತ್ರೆ ತಗೊಳ್ತಿದ್ದೀನಿ ಅಂತ ಸುಳ್ಳು ಹೇಳುವುದೂ ಬೇಡ. ಮೇಜಿನ ಮೇಲೆ ಪ್ರಸಂಗ ಶುರು ಮಾಡಬೇಡಿ. ನಿಜವಾಗಿ ತಿಳಿಯಬೇಕು ಅನ್ನುವವರು ಆಮೇಲೆ ಒಬ್ಬರೇ ಬಂದು ಕೇಳುತ್ತಾರೆ.

ಕುಡಿಯದವರಿಗೆ ದೊಡ್ಡ ಅಪಾಯವೆಂದರೆ ಅದನ್ನೇ ಪರಿಶುದ್ಧತೆಯ ಅಳತೆಗೋಲು ಮಾಡಿಕೊಳ್ಳುವುದು. ಕುಡಿಯದೆ ಇದ್ದು ಚಾಡಿ ಹೇಳುವವರು, ಕೆಲಸದವರ ಸಂಬಳ ಹಿಡಿಯುವವರು, ಮನೆಯವರ ಮೇಲೆ ಕೈ ಮಾಡುವವರು ಇದ್ದಾರೆ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಪೌಲ ಎರಡು ಕಡೆಗೂ ಒಂದೊಂದು ಮಾತು ಹೇಳಿದ್ದಾನೆ: ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು. ಎರಡು ಗುಂಪಿನ ಎರಡು ಬೇರೆ ಬೇರೆ ಪಾಪಗಳನ್ನು ಅವನು ಎಷ್ಟು ಸರಿಯಾಗಿ ಗುರುತಿಸಿದ್ದಾನೆ ನೋಡಿ.

ಎಡವುವ ಸಹೋದರ ಯಾರು?

ಅದೇ ಅಧ್ಯಾಯದ 21ನೇ ವಚನ, ಸಹೋದರ ಎಡವುವುದಾದರೆ ಮಾಂಸ ತಿನ್ನದೆ, ದ್ರಾಕ್ಷಾರಸ ಕುಡಿಯದೆ ಇರುವುದು ಒಳ್ಳೆಯದು ಅನ್ನುತ್ತದೆ. ಇದನ್ನು ಎಲ್ಲರೂ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ನಿಮ್ಮ ಕೈಯಲ್ಲಿ ಗ್ಲಾಸು ನೋಡಿ ಮುಖ ಗಂಟಿಕ್ಕುವ ಹಿರಿಯರು ಎಡವುತ್ತಿಲ್ಲ, ಅವರಿಗೆ ಬೇಸರವಾಗಿದೆ ಅಷ್ಟೇ. ಎಡವುವವರು ಅಂದರೆ ನಿಮ್ಮನ್ನು ನೋಡಿ, ಇವರೇ ಕುಡಿಯುತ್ತಾರೆ ಅಂದಮೇಲೆ ಪರವಾಗಿಲ್ಲ ಅಂತ ತಮ್ಮ ಮನಸ್ಸಾಕ್ಷಿಗೆ ವಿರುದ್ಧವಾಗಿ ಕುಡಿದು ಬೀಳುವವರು. ಹೊಸದಾಗಿ ನಂಬಿದವರು, ಹದಿವಯಸ್ಸಿನವರು, ಬಿಟ್ಟು ಕೆಲವೇ ತಿಂಗಳಾದವರು.

ಆ ಕೊನೆಯವರೊಬ್ಬರು ನಿಮ್ಮ ಮೇಜಿನಲ್ಲಿ ಕೂತಿದ್ದಾರೆ ಅಂತ ಇಟ್ಟುಕೊಳ್ಳಿ. ಬಾಟಲಿ ತೆರೆದ ಸದ್ದಿಗೆ ಅವರ ಮಾತು ಅರ್ಧಕ್ಕೆ ನಿಲ್ಲುತ್ತದೆ. ವಾಸನೆ ಮೂಗಿಗೆ ಬಡಿಯುತ್ತದೆ. ಬೆರಳುಗಳು ಚಮಚವನ್ನು ಸುಮ್ನೆ ತಿರುಗಿಸುತ್ತಿರುತ್ತವೆ. ಸುತ್ತ ಇರುವ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಅವರು ಮಾತ್ರ ಒಳಗೆ ಹೋರಾಡುತ್ತಿರುತ್ತಾರೆ. ಆ ಸಂಜೆ ನಿಮ್ಮ ಸ್ವಾತಂತ್ರ್ಯವನ್ನು ಬದಿಗಿಡಿ. ಬಾಟಲಿ ಮೇಜಿಗೆ ಬರುವುದೇ ಬೇಡ. ಅವರ ಸಲುವಾಗಿ ಅಂತ ಹೇಳಿ ಮುಜುಗರ ಮಾಡುವುದೂ ಬೇಡ. ಯಾರು ಬಿಟ್ಟವರು, ಯಾರು ಅಲ್ಲ ಅಂತ ಗೊತ್ತಿಲ್ಲದ ದೊಡ್ಡ ಕೂಟವಾದರೆ, ಅದರಲ್ಲೂ ಸಭೆಯ ಹೆಸರಿನಲ್ಲಿ ನಡೆಯುವುದಾದರೆ, ಮದ್ಯವೇ ಇಲ್ಲದಂತೆ ಮಾಡುವುದು ಸರಿ. ಮಿತವಾಗಿ ಕುಡಿಯುವವರಿಗೆ ಒಂದು ಸಂಜೆ ಬಿಡುವುದರಿಂದ ಏನೂ ನಷ್ಟವಿಲ್ಲ. ನಷ್ಟ ಅನ್ನಿಸಿದರೆ ಹಿಂದಿನ ಪ್ರಶ್ನೆಗಳಿಗೆ ವಾಪಸ್ ಹೋಗಿ.

ಪವಿತ್ರ ಪಾತ್ರೆಯ ವಿಷಯ

ಕ್ಯಾಥೊಲಿಕ್ ಸಭೆಯ ಕಾನೂನಿನಂತೆ ಬಲಿಪೂಜೆಗೆ ದ್ರಾಕ್ಷಿಯಿಂದಲೇ ಮಾಡಿದ, ಕೆಡದ ದ್ರಾಕ್ಷಾರಸ ಬೇಕು, ಅದಕ್ಕೆ ಸ್ವಲ್ಪ ನೀರು ಬೆರೆಸುತ್ತಾರೆ. ಆರ್ಥೊಡಾಕ್ಸ್ ಸಭೆಯೂ ದ್ರಾಕ್ಷಾರಸವನ್ನೇ ಬಳಸುತ್ತದೆ. ಬಹಳಷ್ಟು ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಪೆಂಟೆಕೋಸ್ಟಲ್ ಸಭೆಗಳಲ್ಲಿ ರಸ ಇರುತ್ತದೆ. ಚಟ ಬಿಟ್ಟವರು ಒಂದು ಗುಟುಕಿಗೂ ಹೆದರುವುದು ಸಹಜ, ಆ ಹೆದರಿಕೆಯನ್ನು ಯಾರೂ ಹಗುರಾಗಿ ನೋಡಬಾರದು. ಕ್ಯಾಥೊಲಿಕರಿಗೆ ಇಲ್ಲಿ ಸುಲಭವಿದೆ: ರೊಟ್ಟಿಯಲ್ಲಿ ಮಾತ್ರವೇ ಕ್ರಿಸ್ತ ಪೂರ್ತಿಯಾಗಿ ಇದ್ದಾರೆ ಅನ್ನುವುದು ಸಭೆಯ ಬೋಧನೆ, ಪಾತ್ರೆ ತೆಗೆದುಕೊಳ್ಳದಿದ್ದರೆ ಏನೂ ಕಡಿಮೆಯಾಗುವುದಿಲ್ಲ. ಚಟದಿಂದ ಹೊರಬಂದ ಪಾದ್ರಿಗಳಿಗೆ ಮುಸ್ಟಮ್, ಅಂದರೆ ಹುಳಿಯುವುದು ಈಗಷ್ಟೇ ಶುರುವಾದಾಗ ತಡೆದಿಟ್ಟ ರಸ ಬಳಸಲು ಬಿಷಪರು ಅನುಮತಿ ಕೊಡಬಹುದು. ಉಳಿದ ಸಭೆಗಳವರು ಆರಾಧನೆಯ ಮುಂಚೆಯೇ ಸಭಾಪಾಲಕರಿಗೆ ಹೇಳಿ, ಒಂದು ಲೋಟದಲ್ಲಿ ರಸ ಇಡಿಸಿಕೊಳ್ಳಿ.

ಈಗಾಗಲೇ ಕೈಮೀರಿದ್ದರೆ

ಇಲ್ಲಿ ಮಿತ, ವರ್ಜನೆ ಅನ್ನುವ ಚರ್ಚೆ ಇಲ್ಲ. ನಿಲ್ಲಿಸಬೇಕು, ಆದರೆ ಡಾಕ್ಟರ್ ಸಹಾಯದಿಂದ. ದಿನವೂ ಜಾಸ್ತಿ ಕುಡಿಯುತ್ತಿದ್ದವರು ಪ್ರಾರ್ಥನೆ ಮಾಡಿಸಿಕೊಂಡು ಆ ರಾತ್ರಿಯೇ ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಕುತ್ತು ಬರಬಹುದು. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದಂತೆ ಆಡುವುದು ಆಗಬಹುದು. ಇದನ್ನು ದೆವ್ವ ಅಂದುಕೊಂಡು ಕೂಡಿಹಾಕಿ ಪ್ರಾರ್ಥಿಸುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಮಾತ್ರೆ, ಬಿ1 ವಿಟಮಿನ್ ಕೊಟ್ಟು ಸುರಕ್ಷಿತವಾಗಿ ಬಿಡಿಸುತ್ತಾರೆ. ಪ್ರಾರ್ಥನೆ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೂ ಮಾಡಬಹುದು.

ಆಮೇಲಿನದ್ದು ಉದ್ದದ ದಾರಿ. 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ, ಈಗ ಲೋಕದ ಬಹಳ ಕಡೆ ಇದೆ. ಅದು ಯಾವ ಸಭೆಗೂ ಸೇರಿದ್ದಲ್ಲ, ಆದರೆ ಅದನ್ನು ಶುರು ಮಾಡಿದವರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದಿಂದ ಬಂದವರು. ತಪ್ಪು ಒಪ್ಪಿಕೊಳ್ಳುವುದು, ಕೆಡಿಸಿದ್ದನ್ನು ಸರಿಪಡಿಸುವುದು, ಇನ್ನೊಬ್ಬರಿಗೆ ನೆರವಾಗುವುದು, ಅದರ ಹೆಜ್ಜೆಗಳಲ್ಲಿ ಆ ಮೂಲ ಕಾಣುತ್ತದೆ. ಅಲ್ಲಿಗೆ ಹೋದರೆ ನಂಬಿಕೆ ಕಡಿಮೆಯಾಯಿತು ಅಂತ ಯಾರೂ ಅಂದುಕೊಳ್ಳಬೇಕಿಲ್ಲ.

ಸಭೆಯವರು ಮಾಡಬೇಕಾದ ಕೆಲಸವೂ ಇದೆ. ಮೊದಲ ಸಲ ಡಾಕ್ಟರ ಹತ್ತಿರ ಹೋಗುವಾಗ ಒಬ್ಬರು ಜೊತೆಗೆ ಹೋಗಿ. ಮನೆಯಲ್ಲಿರುವ ಬಾಟಲಿಗಳನ್ನು ಅವರ ಒಪ್ಪಿಗೆಯಿಂದಲೇ ಖಾಲಿ ಮಾಡಿಸಿ. ಹೆಂಡತಿ, ಗಂಡ, ಮಕ್ಕಳನ್ನು ಬೇರೆಯಾಗಿ ಕೂರಿಸಿ ಹೇಗಿದ್ದೀರಿ ಅಂತ ಕೇಳಿ. ಹೊಡೆತ ಇದ್ದರೆ ಅವರನ್ನು ಸುರಕ್ಷಿತ ಜಾಗಕ್ಕೆ ಕಳಿಸುವುದು ಮೊದಲ ಕೆಲಸ, ತಾಳಿಕೊಳ್ಳಿ ಅಂತ ಉಪದೇಶ ಮಾಡುವುದು ತಪ್ಪು. ಬಿಟ್ಟವರು ಮತ್ತೆ ಕುಡಿದು ಬಂದು ಹೇಳಿಕೊಂಡರೆ ಸಾಕ್ಷಿ ಹಾಳಾಯಿತು ಅಂತ ಗದರಬೇಡಿ. ಕುಡುಕರ ಹೆಸರನ್ನೂ ಸೇರಿಸಿ ಪಟ್ಟಿ ಬರೆದ ಪೌಲ ಮುಂದಿನ ವಚನದಲ್ಲೇ, ನಿಮ್ಮಲ್ಲಿಯೂ ಕೆಲವರು ಅಂಥವರಾಗಿದ್ದಿರಿ, ಆದರೆ ತೊಳೆಯಲ್ಪಟ್ಟಿದ್ದೀರಿ ಅಂದ. ಅದನ್ನು ಅವರ ಜೊತೆ ಕೂತು ಓದಿ. ಮರುದಿನ ಬೆಳಗ್ಗೆ ಒಂದು ಫೋನ್ ಮಾಡಿ, ಮುಂದಿನ ಡಾಕ್ಟರ್ ಭೇಟಿ ಯಾವಾಗ ಅಂತ ಕೇಳಿ.